ಹತ್ತು ಮಿಲಿವೋಲ್ಟಿನ ಬಸಗೊಂಡಪ್ಪ

ಟಿಕೋಟಾದ ಬಸಗೊಂಡಪ್ಪ ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟುವುದಿಲ್ಲ. ಚಹಾದ ಕಪ್ಪಿರಲಿ, ಮೊಮ್ಮಗಳ ಹಣೆಯಿರಲಿ, ಬೆರಳ ಹಿಂಬದಿಯನ್ನೇ ತಾಗಿಸುತ್ತಾನೆ. ನಲವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವನಿಗೆ, ಕರೆಂಟು ಹಿಡಿದರೆ ಮುಷ್ಟಿ ಬಿಗಿಯುತ್ತದೆಂಬ ಭಯ ಸಂಸ್ಕಾರವೇ ಆಗಿಬಿಟ್ಟಿದೆ. ನಡಿಗೆ ಬಾಗಿದ್ದು, ಮಾತು ಮಿತವಾದದ್ದು, ಬಿರುಬೇಸಿಗೆಯಲ್ಲೂ ಕಳಚದ ಖಾಕಿ ಕೋಟಿನ ಜೇಬಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್.

ಅವನ ಅಂಗಡಿಗೆ ಬಬಲೇಶ್ವರದ ಕಡೆಯ ಹಳ್ಳಿಯಿಂದ ಕುರಿ ಕಾಯುವ ಮಲಕವ್ವ ಬಂದಳು. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ಉಳಿದದ್ದು ಪಿಸುಮಾತಷ್ಟೆ. ಊರ ದನಕುರಿ ಮೇಯುವ ಗಾಯರಾಣಕ್ಕೆ ದೊಡ್ಡವನೊಬ್ಬ ತಂತಿಬೇಲಿ ಹಾಕಿಸಿದ್ದನ್ನು ಕೇಳಲು ಗ್ರಾಮಸಭೆಯಲ್ಲಿ ಎದ್ದರೆ, ಬಾಡಿಗೆ ಮೈಕಿನಲ್ಲಿ ದನಿ ಚರ್ರೆಂದು ಹರಿದು ಜನ ನಕ್ಕಿದ್ದರು. ಪಂಚಾಯಿತಿಯವರು ಠರಾವು ಪುಸ್ತಕದಲ್ಲಿ ‘ಕೇಳಿಸಲಿಲ್ಲ’ ಎಂದು ಬರೆದು ಕೈ ತೊಳೆದುಕೊಂಡಿದ್ದರು. ಕೇಳಿಸಲಿಲ್ಲವಂತೆ! ಕೇಳಲೊಲ್ಲದವರಿಗೆ ಇದಕ್ಕಿಂತ ಅಗ್ಗದ ಶಬ್ದ ಯಾವುದಿದೆ?

“ಯಣ್ಣಾ, ಮುಂದಿನ ಸಭಾಕ್ಕ ನನ್ನ ದನಿ ಹಿಡಿಯೂ ಮೈಕ್ ಮಾಡಿಕೊಡ್ತೀಯೇನು?”

“ನೋಡೂಣಬೇ.”

ಆಂಪ್ಲಿಫೈಯರನ್ನು ತಾನೇ ಜೋಡಿಸಿದ. ದೊಡ್ಡ ಗಂಟಲಿಗೆ ಸರಾಗ. ಮಲಕವ್ವ ಬಾಯಿ ತೆರೆದರೆ ಮತ್ತದೇ ಹರಕು.

“ಕಾಕಾ, ವಾಲ್ಯೂಮ್ ಏರಸ್ರಿ, ಮುಗೀತು” ಎಂದ ಪಕ್ಕದ ಸೈಕಲ್ ಅಂಗಡಿಯ ಸುಭಾಷ.

“ಹರಕ ಅರಿವಿ ಜಗ್ಗಿ ದೊಡ್ಡದ ಮಾಡಿದ್ರ ಹೊಸಾದ ಆಗತೈತೇನಲೇ?”

ರೋಗ ಅವನಿಗೆ ಗೊತ್ತಿತ್ತು. ಶಬ್ದದ ಅಲೆಯ ಮೇಲಿನ ಅರ್ಧವನ್ನೊಂದು, ಕೆಳಗಿನ ಅರ್ಧವನ್ನೊಂದು ಟ್ರಾನ್ಸಿಸ್ಟರ್ ಹೊರುತ್ತವೆ. ಹೆಗಲು ಬದಲಿಸುವ ಗಳಿಗೆಯಲ್ಲಿ ಎರಡೂ ನಿದ್ದೆಹೋದರೆ ಸಣ್ಣ ದನಿ ಅಲ್ಲೇ ಬಿದ್ದು ಒಡೆಯುತ್ತದೆ. ಸದ್ದಿಲ್ಲದಾಗಲೂ ತುಸು ಕರೆಂಟು ಹರಿಸಿ ಅವನ್ನು ಎಚ್ಚರವಿಡಬೇಕು, ಅದೇ ಬಯಾಸ್. ಕಡಿಮೆಯಾದರೆ ದನಿ ಹರಿಯುತ್ತದೆ, ಹೆಚ್ಚಾದರೆ ಟ್ರಾನ್ಸಿಸ್ಟರೇ ಸುಡುತ್ತದೆ. ಒಂದು ಜೋಡಿ ಆಗಲೇ ಸುಟ್ಟಿತ್ತು, ಉಳಿದದ್ದು ಇನ್ನೊಂದೇ. ಸಭೆಯ ದಿನ ಬೆಳಿಗ್ಗೆ, ಉಸಿರು ಬಿಗಿಹಿಡಿದು, ಬಯಾಸಿನ ಸ್ಕ್ರೂವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುವಿದ. ಮೀಟರು ಹತ್ತು ಮಿಲಿವೋಲ್ಟಿಗೆ, ಬೇಕಾದಷ್ಟಕ್ಕೇ, ನಿಂತಿತು. ಅರ್ಧ ಗಂಟೆ ಕಾದು ಟ್ರಾನ್ಸಿಸ್ಟರಿಗೆ ಬೆರಳ ಹಿಂಬದಿ ತಾಗಿಸಿದ. “ಬೆಚ್ಚಗೈತಿ. ಜ್ವರ ಇಲ್ಲ” ಎಂದ. ಪೆಟ್ಟಿಗೆಯನ್ನು ತಾನೇ ಹೊತ್ತು ಒಯ್ದ.

ಸಭೆಯಲ್ಲಿ ಮಲಕವ್ವ ಎದ್ದಳು. “ಗಾಯರಾಣಕ್ಕ ತಂತಿ ಬಿಗದಾಂವ ಯಾಂವ? ಹೆಸರ ಹಚ್ಚಿ ಬರೀರಿ.” ಪಿಸುಮಾತು ಗುಡಿಕಟ್ಟೆಯ ಆಚೆಗೂ ಅಕ್ಷರಕ್ಷರ ತಲುಪಿತು. ಬೇಲಿ ಹಾಕಿಸಿದಾತನೇ ಸಿಡುಕಿದ: “ಮೆಲ್ಲಕ ಮಾತಾಡಬೇ, ಕಿವಿ ಹರದಾವು!” ಜನ ಈ ಸಲ ಅವನನ್ನು ನೋಡಿ ನಕ್ಕರು. ಪ್ರಶ್ನೆ ಠರಾವು ಪುಸ್ತಕಕ್ಕೇರಿತು. ಹಿಂದೆ ಕೂತಿದ್ದ ಬಸಗೊಂಡಪ್ಪ ಬೆಳಗಿನಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟ.

ದನಿ ಏರಿಸುವವರಿಗೆ ನಮ್ಮಲ್ಲಿ ಬರವಿಲ್ಲ. ಹಾರ, ಶಾಲುಗಳೂ ಅವರಿಗೇ. ಸಣ್ಣ ದನಿ ಯಾವ ಗಳಿಗೆಯಲ್ಲಿ, ಯಾರ ನಿದ್ದೆಯಿಂದ ಒಡೆಯುತ್ತದೆಂದು ಹುಡುಕುತ್ತ ಕೂಡುವ ಜೀವಗಳು ಅಲ್ಲೊಂದು ಇಲ್ಲೊಂದು. ಅಂಥವರ ಕೆಲಸ ಸರಿಹೋದ ದಿನ ಅವರು ಅಲ್ಲಿದ್ದರೆಂಬುದೇ ಯಾರಿಗೂ ತಿಳಿಯುವುದಿಲ್ಲ. ಮಲಕವ್ವ ಏನೆಂದಳೆಂಬುದು ಮಾತ್ರ ಊರಿಗೆಲ್ಲ ತಿಳಿದಿರುತ್ತದೆ.