ಸುಗುಣಕ್ಕ ಬಂದರೆ ಮಾತ್ರ ತೆರೆಯುವ ಪೆಟ್ಟಿಗೆ

"ಹ್ವಾಯ್ ಸುಗುಣಕ್ಕಾ! ಇವತ್ತೂ ಮಾತಾಡುದಿಲ್ಲ ಮರಾಯ್ತಿ ಅದ್!"

ಸಂಘದ ಕಚೇರಿಯ ಕಾವಲಿನ ಶೀನ ಬೇಲಿಯಾಚೆಯಿಂದ ಕೂಗುವಷ್ಟರಲ್ಲಿ ಸುಗುಣಾ ತಲೆಗೂದಲು ಕಟ್ಟಿ ಜಗಲಿಗೆ ಬಂದಾಗಿತ್ತು. ಕೂಗಿಗಾಗಿ ಕಾಯುತ್ತಿದ್ದಳು ಎಂದರೂ ತಪ್ಪಿಲ್ಲ.

ಮೊಬೈಲು ಬಂದಿದ್ದರೂ ಸಮುದ್ರಕ್ಕೆ ಹೋಗುವವರು ಅದನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಮನೆಯಲ್ಲೇ ಬಿಟ್ಟುಹೋಗುತ್ತಿದ್ದ ಕಾಲ. ಹಂಗಾರಕಟ್ಟೆಯ ಬೋಟಿನವರ ಸಂಘದಲ್ಲಿ ಸುಗುಣಾ ಗುಮಾಸ್ತೆ. ಸಂಜೆ ರೇಡಿಯೋದ ಗಾಳಿಮಳೆಯ ಸುದ್ದಿ ಕೇಳಿ, ಅದನ್ನು ತನ್ನ ದನಿಯಲ್ಲಿ ಕಚೇರಿಯ ಲಿನಕ್ಸ್ ಕಂಪ್ಯೂಟರಿಗೆ ತುಂಬಿಸಿ ಹೋಗುವುದು ಅವಳ ಕೆಲಸ. ನಸುಕಿನಲ್ಲಿ ಶೀನ ಸ್ವಿಚ್ ಒತ್ತಿದರೆ ಸಾಕು, ಯಂತ್ರ ಎದ್ದು ಬೋಟು ನಿಲ್ಲುವ ದಕ್ಕೆಯ ಲೌಡ್‌ಸ್ಪೀಕರಿನಲ್ಲಿ ತಾನಾಗಿ ಮಾತಾಡಬೇಕು. ಮಾತುಗಳೆಲ್ಲ ಒಂದೇ ದೊಡ್ಡ ಫೈಲಿನೊಳಗೆ, ಪೆಟ್ಟಿಗೆಗೆ ತುಂಬಿದ ಹಾಗೆ ಇರುತ್ತಿದ್ದವು. ಯಂತ್ರ ಏಳುವಾಗ ಆ ಪೆಟ್ಟಿಗೆಯನ್ನು ತೆರೆದು ಜೋಡಿಸಿಕೊಳ್ಳುತ್ತದೆ. ಅದಕ್ಕೆ ಮೌಂಟ್ ಎನ್ನುತ್ತಾರೆ.

ಮಳೆಗಾಲದಲ್ಲಿ ಹಳೆಯ ಪೆಟ್ಟಿಗೆ ಸಾಲದಾಗಿ ಸುಗುಣಾ ಹೊಸದೊಂದು ಮಾಡಿಟ್ಟಳು. ಅಂದಿನಿಂದ ಅದು ತಾನಾಗಿ ತೆರೆಯುತ್ತಿಲ್ಲ. ಅವಳು ಬಂದು, ರೂಟ್ ಎಂಬ ಯಂತ್ರದ ಯಜಮಾನನ ಪಾಸ್‌ವರ್ಡ್ ಹಾಕಿ, ಅದೇ ಮೌಂಟ್ ಆಜ್ಞೆಯನ್ನು ಕೈಯಾರೆ ಕೊಟ್ಟರೆ ಮರುಮಾತಿಲ್ಲದೆ ತೆರೆಯುತ್ತದೆ.

ಕುಂದಾಪುರದ ಕಂಪ್ಯೂಟರ್ ಅಂಗಡಿಯವ ಫೋನಿನಲ್ಲೇ ಮದ್ದು ಹೇಳಿದ್ದ: "ಅದ್ರೊಳ್ಗ್ ಎಸ್‌ಇಲಿನಕ್ಸ್ ಅಂದೇಳಿ ಒಂದ್ ಕಾವಲ್ ಇತ್ತಲೆ, ಅದೇ ತಡೂದ್. ಬಂದ್ ಮಾಡಿ ಬಿಡಿ ಅಕ್ಕ, ತಾಪತ್ರಯವೇ ಇಲ್ಲ."

ಅವಳು ಒಪ್ಪಲಿಲ್ಲ. ಬೋಟಿನ ಹುಡುಗರೆಲ್ಲ ಹಾಡು ತುಂಬಿಸಿಕೊಳ್ಳಲು ಕಂಡಕಂಡ ಪೆನ್‌ಡ್ರೈವ್ ಚುಚ್ಚುವ ಯಂತ್ರ ಅದು. ನಮ್ಮನ್ನೊಮ್ಮೆ ತಡೆದ ಎಂದು ಕಾವಲುಗಾರನನ್ನೇ ಓಡಿಸಿದರೆ ನಾಳೆ ಬರುವ ಕಳ್ಳನನ್ನು ತಡೆಯುವವರು ಯಾರು? ಈ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಬೇರೆ ದಾರಿಯನ್ನೂ ಅವಳು ಹುಡುಕಲಿಲ್ಲ.

ಹುಡುಕದಿರಲು ಕಾರಣವಿತ್ತು. ಪೆಟ್ಟಿಗೆ ತೆರೆದ ಮೇಲೆ ಗೋಪಿಯ ಚಾದಂಗಡಿಯ ಬೆಂಚಿನಲ್ಲಿ ಮೀನು ಆರಿಸುವ ಹೆಂಗಸರು ಸರಿದು ಅವಳಿಗೆ ಜಾಗ ಕೊಡುತ್ತಿದ್ದರು. "ಬಂದ್ಲ್ ಕಾಣಿ, ಬೀಗದ್ ಕೈ!" ಎಂದು ಗೋಪಿ ಗ್ಲಾಸು ಮುಂದಿಡುತ್ತಿದ್ದ. ಗಂಡ ಲೀಲಾಧರ ಮುಂಬೈಯ ಕ್ಯಾಂಟೀನಿನಲ್ಲಿ. ಫೋನು ಮಾಡಿದರೆ ಊಟ ಆಯ್ತಾ ಎಂಬುದರ ಮುಂದೆ ಮಾತು ಹೋಗುತ್ತಿರಲಿಲ್ಲ. ಮಕ್ಕಳಿಲ್ಲ. ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಅವಳ ಹೆಸರು ಹಿಡಿದು ಕರೆಯುವವರೇ ಉಳಿದಿರಲಿಲ್ಲ. ದಿನಕ್ಕೊಮ್ಮೆ ಶೀನ ಕರೆಯುತ್ತಿದ್ದ.

ಹೀಗಿರುವಾಗ ಬಾರ್ಕೂರಿನ ತವರಿನಲ್ಲಿ ಅಮ್ಮನ ತಿಥಿ ಬಂತು. ಹಿಂದಿನ ಸಂಜೆ "ಗಾಳಿ ಜೋರಿದೆ, ಯಾರೂ ಇಳಿಯಬೇಡಿ" ಎಂದು ಮಾತು ತುಂಬಿಸಿಯೇ ಬಸ್ಸು ಹತ್ತಿದಳು. ಬೆಳಗ್ಗೆ ಶೀನ ಸ್ವಿಚ್ ಒತ್ತಿದ, ಬೇಲಿಯಾಚೆ ನಿಂತು ಕೂಗಿದ. ಮನೆಗೆ ಬೀಗ. ಲೌಡ್‌ಸ್ಪೀಕರು ಸುಮ್ಮನಿತ್ತು. ಸುಮ್ಮನಿದೆ ಎಂದರೆ ಗಾಳಿಯಿಲ್ಲ ಎಂದುಕೊಂಡು ಸಂಘದ ಮೀನುಗಾರ ತಿಮ್ಮ ಬೋಟು ಬಿಟ್ಟ.

ತಿರುಗಿ ಬಂದದ್ದು ಅವನ ಪುಣ್ಯ. ಬಲೆ ಹೋಗಿತ್ತು, ಹಗ್ಗಕ್ಕೆ ಸಿಕ್ಕಿ ಬಲಗೈ ಚರ್ಮ ಸುಲಿದಿತ್ತು.

ಮರುದಿನ ಬೆಂಚಿನಲ್ಲಿ ಯಾರೂ ಅವಳನ್ನು ಬೈಯಲಿಲ್ಲ. "ನೀವ್ ಇಲ್ದೆ ಹೀಂಗಾಯ್ತ್ ಅಕ್ಕ," ಎಂದ ತಿಮ್ಮ, ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು.

ತಿಮ್ಮನಿಗೆ ಕೈಗಿಂತ ಹೆಚ್ಚು ಉರಿಯುತ್ತಿದ್ದದ್ದು ಬೇರೆ. "ಅಲ್ಲ ಗೋಪಿ, ಸಾಯ್ತಾ ಬದುಕ್ತಾ ಅಳಿವೆಗೆ ಬಂದ್ರೆ ಪೊಲೀಸ್ರ್ ತಡುದ್ರ್ ಮರಾಯಾ! ಬೋಟ್ ಯಾರದ್ ಅಂದೇಳಿ ಕೇಂತ್ರ್. ಪ್ರೇಮಾನಂದಣ್ಣನ್ ಹತ್ರ ತಕಂಡದ್, ಹಳೆ ನಂಬ್ರ ಅಳ್ಸುಕೆ ಪುರ್ಸೊತ್ತ್ ಆಯ್ಲಿಲ್ಲ. ಅಣ್ಣ ಸಂಗ್ತಿಗ್ ಇದ್ರೆ ಮೋರೆ ಕಂಡ್ ಬಿಡ್ತ್ರ್. ನಾ ಒಬ್ನೇ ಬಂದ್ರೆ ನಂಬ್ರ ಕಾಂತ್ರ್!"

"ನಿನ್ ಮೋರೆ ಕಂಡ್ರೆ ನಾನೂ ತಡೀತಿದ್ದೆ," ಎಂದ ಗೋಪಿ. ಬೆಂಚು ನಕ್ಕಿತು.

ಸುಗುಣಾ ನಗಲಿಲ್ಲ. ಗ್ಲಾಸನ್ನು ಅರ್ಧಕ್ಕೆ ಬಿಟ್ಟು ಕಚೇರಿಗೆ ನಡೆದಳು.

ಒಳಗಿನ ಆ ಎಸ್‌ಇಲಿನಕ್ಸ್ ಕಾವಲಿನವ ತಡೆದದ್ದನ್ನೆಲ್ಲ ಯಂತ್ರ ಒಂದು ಕಡೆ ಬರೆದಿಡುತ್ತದೆ. ಅದನ್ನು ತೆರೆದು ಓದಿದಳು. ಪ್ರತಿ ನಸುಕಿನದೂ ಒಂದೇ ಸಾಲು: ಮೌಂಟ್ ಮಾಡಲು ಹೋದದ್ದನ್ನು ತಡೆದಿದೆ. ಪಕ್ಕದಲ್ಲಿ ಫೈಲಿನ ಲೇಬಲ್, ಅದು ಎಲ್ಲಿಯದೆಂದು ಕಾವಲಿನವನಿಗೆ ಹೇಳುವ ಚೀಟಿ. ಮನೆಯ ಫೈಲು ಎಂದಿತ್ತು.

ಹೌದಲ್ಲ! ಹೊಸ ಪೆಟ್ಟಿಗೆಯನ್ನು ಅವಳು ಮಾಡಿದ್ದು ಯಂತ್ರ ಮನೆ ಎಂದು ಕರೆಯುವ ತನ್ನ ಸ್ವಂತ ಫೋಲ್ಡರಿನಲ್ಲಿ. ಆಮೇಲೆ ಸಂಘದ ಜಾಗಕ್ಕೆ ಎತ್ತಿಟ್ಟಳು. ಹಾಗೆ ಎತ್ತಿಟ್ಟ ಫೈಲು ಹಳೆಯ ಲೇಬಲ್ಲನ್ನು ಹೊತ್ತುಕೊಂಡೇ ಹೋಗುತ್ತದೆ. ಯಜಮಾನನ ಪಾಸ್‌ವರ್ಡ್ ಹಿಡಿದು ಅವಳು ಎದುರು ನಿಂತರೆ ಕಾವಲಿನವ ಕೇಳುವುದಿಲ್ಲ. ಯಂತ್ರ ತಾನೊಂದೇ ಏಳುವಾಗ ಲೇಬಲ್ ನೋಡುತ್ತಾನೆ, ತಡೆಯುತ್ತಾನೆ. ಅವನ ತಪ್ಪೇನೂ ಇಲ್ಲ.

ಇನ್ನು ಉಳಿದದ್ದು ಎರಡು ಸಾಲು ಟೈಪು ಮಾಡುವ ಕೆಲಸ. ಕೀಲಿಮಣೆಯಿಂದ ಕೈ ತೆಗೆದು ಹೊರಗೆ ನೋಡಿದಳು. ಕಿಟಕಿಯಲ್ಲಿ ತಿಮ್ಮ ಎಡಗೈಯಿಂದ ಚಾ ಕುಡಿಯುವುದು ಕಾಣುತ್ತಿತ್ತು.

ಮೌಂಟ್ ಮಾಡುವ ಫೈಲುಗಳಿಗೆಂದೇ ಇರುವ ಲೇಬಲ್ಲನ್ನು ಕಾವಲಿನವನ ನಿಯಮಗಳಲ್ಲಿ ಬರೆದಳು, ಮುಂದೆ ಯಾರೂ ತಿಳಿಯದೆ ಅಳಿಸಬಾರದೆಂದು. ಅದನ್ನು ಫೈಲಿಗೆ ಅಂಟಿಸಿದಳು. ಯಂತ್ರ ಆರಿಸಿ, ಮತ್ತೆ ಹಚ್ಚಿ, ಕೈ ಕಟ್ಟಿ ಕೂತಳು. ಯಾರ ಹಂಗೂ ಇಲ್ಲದೆ ಅವಳ ದನಿ ದಕ್ಕೆಯ ಮೇಲೆಲ್ಲ ಹರಡಿತು.

ಮರುದಿನ ನಸುಕಿನಲ್ಲಿ ರೂಢಿಯಂತೆ ಎಚ್ಚರವಾಯಿತು. ತಲೆಗೂದಲು ಕಟ್ಟಿ ಜಗಲಿಗೆ ಬಂದಳು. "ಗಾಳಿ ಇನ್ನೂ ಇಳಿದಿಲ್ಲ," ಎಂದು ತನ್ನದೇ ದನಿ ದೂರದಿಂದ ಕೇಳಿಸಿತು. ಬೇಲಿಯಾಚೆ ಯಾರೂ ಬರಲಿಲ್ಲ.

ಆದರೂ ಹೋದಳು. ಬೆಂಚು ತುಂಬಿತ್ತು.

"ಎಂತ ಅಕ್ಕ, ಹಾಳಾಯ್ತಾ ಮತ್ತೆ?" ಗೋಪಿ ಕೇಳಿದ.

"ಇಲ್ಲ. ಸಮಾ ಇತ್ತ್."

"ಮತ್ತೆಂತಕ್ ಬಂದದ್?"

"ಮೀನಿಗೆ," ಎಂದಳು. ಕೈಯಲ್ಲಿ ಚೀಲವಿರಲಿಲ್ಲ.

ಗಾಳಿಗೆ ಯಾರೂ ಬೋಟು ಬಿಟ್ಟಿರಲಿಲ್ಲ. ತಿಮ್ಮನ ಬೋಟೂ ಹಗ್ಗಕ್ಕೆ ಕಟ್ಟಿಕೊಂಡು ಓಲಾಡುತ್ತಿತ್ತು. ಅವನ ತಮ್ಮ ಹಳೆಯ ನಂಬರಿನ ಮೇಲೆ ಬಣ್ಣ ಬಳಿಯುತ್ತಿದ್ದ. ಗೋಪಿ ಮಾರಲಿಟ್ಟ ಬುಟ್ಟಿಯಲ್ಲಿ ಉಳಿದದ್ದು ಐಸಿನಲ್ಲಿಟ್ಟ ಹಳೆಯ ಬಂಗ್ಡೆ.

"ಎರ್ಡ್ ಸಾಕ್."

"ಎರ್ಡಾ? ಬೆಕ್ಕಿಗಾ?" ಗೋಪಿ ನಕ್ಕು, ಕಾಗದದಲ್ಲಿ ಸುತ್ತಿ ಕೊಟ್ಟ.

ಅವಳೂ ನಕ್ಕಳು. ಕಾಗದ ಒದ್ದೆಯಾಗಿ ಹರಿಯುವ ಮೊದಲು ಮನೆ ಮುಟ್ಟಬೇಕೆಂದು ಬೇಗ ಬೇಗ ನಡೆದಳು. ಹಿಂದಿನಿಂದ ಲೌಡ್‌ಸ್ಪೀಕರು ಎರಡನೆಯ ಸಲ ಅದೇ ಮಾತನ್ನು ಹೇಳತೊಡಗಿತು.