ನೆರೇಯ್ದಾಳ ಇಂಜಿನ್, ಒಸ್ವಾಲ್ದೊನ ಬಾಯಿ

ಒಸ್ವಾಲ್ದೊನನ್ನು ಎಂಟು ತಿಂಗಳ ಕಾಲ ‘ಮೇಷ್ಟ್ರೇ’ ಎಂದು ಕರೆದವರಲ್ಲಿ ನಾನೂ ಒಬ್ಬ. ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಮೋಕಾ ಊರಿಗೆಲ್ಲ ಗೊತ್ತಾಗಿರುವ ವಿಷಯ.

ಅವನ ಕೆಲಸ ಬೇಕರಿಯ ಬ್ರೆಡ್ ಗಾಡಿ ಓಡಿಸುವುದು. ಮಧ್ಯಾಹ್ನಕ್ಕೆಲ್ಲ ಮುಗಿಸಿ, ಮೂರು ಗಂಟೆಗೆ ಸರಿಯಾಗಿ ನಮ್ಮ ಮನೆ ಮುಂದಿನ ಬಾದಾಮಿ ಮರದಡಿ ಡಾಮಿನೊ ಆಡಲು ಹಾಜರಾಗುತ್ತಿದ್ದ. ಮೊಣಕೈವರೆಗೂ ಗ್ರೀಸು. ತೊಳೆದುಕೊಂಡು ಬರಬಹುದಿತ್ತು; ಬರುತ್ತಿರಲಿಲ್ಲ. ಬಿಳಿ ಬಿಲ್ಲೆಗಳ ಬೆನ್ನ ಮೇಲೆ ಅವನ ಹೆಬ್ಬೆಟ್ಟಿನ ಗುರುತು ಬಿದ್ದು, ಯಾರ ಹತ್ತಿರ ಯಾವ ಬಿಲ್ಲೆ ಇದೆ ಎನ್ನುವುದು ಅರ್ಧ ಆಟಕ್ಕೇ ಎಲ್ಲರಿಗೂ ತಿಳಿದುಬಿಡುತ್ತಿತ್ತು.

‘ಇವತ್ತು ಇಂಜಿನ್ನಿನ ಗಾಳಿ ಕಿಂಡೀನ ಇನ್ನೊಂದು ಕೂದಲೆಳೆಯಷ್ಟು ಅಗಲ ಮಾಡ್ದೆ ಕಣ್ರಯ್ಯಾ,’ ಎನ್ನುತ್ತಿದ್ದ ಕೂತ ಕೂಡಲೇ. ‘ಕೈ ನಡುಗಿದ್ರೆ ಮುಗೀತು. ನಂದು ನಡುಗಲ್ಲ.’

ಅವನ ಮನೆಯ ಕಾರು ಶೆಡ್ಡಿನಲ್ಲಿದ್ದದ್ದು ಎರಡು ಬಾಗಿಲಿನ ಒಂದು ಹಳೇ ಕಾರು, ಅದಕ್ಕೆ ರೋಟರಿ ಇಂಜಿನ್. ನಮ್ಮ ಪೋರ್ಟೊ ರಿಕೊದಲ್ಲಿ ರೋಟರಿಯ ಸದ್ದು ಕೇಳಿಸಿದರೆ ಊಟ ಬಿಟ್ಟು ಎದ್ದು ಬರುವವರಿದ್ದಾರೆ. ಬೇರೆ ಇಂಜಿನ್ನುಗಳಲ್ಲಿ ಪಿಸ್ಟನ್ನುಗಳು ಮೇಲೆ ಕೆಳಗೆ ಕುಣಿಯುತ್ತವೆ. ಇದರಲ್ಲಿ ಹೊಟ್ಟೆ ಉಬ್ಬಿದ ಮೂರು ಮೂಲೆಯ ಎರಡು ಉಕ್ಕಿನ ಗಟ್ಟಿಗಳು ಗೂಡಿನೊಳಗೆ ಸುತ್ತುತ್ತವೆ, ಅಷ್ಟೇ. ಪ್ರತಿ ಮೂಲೆಗೂ ಒಂದು ತೆಳು ಲೋಹದ ಪಟ್ಟಿ, ಪಟ್ಟಿಯ ಬೆನ್ನಿಗೆ ರೆಪ್ಪೆಗೂದಲಿನಂಥ ಸ್ಪ್ರಿಂಗು. ಒಂದು ಪಟ್ಟಿ ಓರೆಯಾಗಿ ಕೂತರೂ ಎಲ್ಲ ಬಿಚ್ಚಿ ಮೊದಲಿಂದ ಶುರು.

ಇದನ್ನೆಲ್ಲ ಕಟ್ಟುತ್ತಿದ್ದವಳು ಅವನ ಹೆಂಡತಿ ನೆರೇಯ್ದಾ. ಅವಳು ಕಟ್ಟುಹಲ್ಲು ಮಾಡುವವಳು. ಪೇಟೆಯ ದಂತವೈದ್ಯರೆಲ್ಲ ಅಚ್ಚು ತೆಗೆದು ಅವಳಿಗೇ ಕಳಿಸುತ್ತಾರೆ. ಹಲ್ಲು ಉಜ್ಜುವ ಸಣ್ಣ ಯಂತ್ರದಿಂದಲೇ ಇಂಜಿನ್ನಿನ ಕಿಂಡಿಗಳನ್ನು ಉಜ್ಜಿ ಅಗಲ ಮಾಡಿದ್ದಳು. ಕೆಲಸ ಮಾಡುವಾಗ ಯಾರಾದರೂ ನೋಡುತ್ತಾ ನಿಂತರೆ ಅವಳಿಗೆ ಆಗದು, ಹಾಗಾಗಿ ಶೆಡ್ಡಿನ ಬಾಗಿಲು ಯಾವಾಗಲೂ ಹಾಕಿರುತ್ತಿತ್ತು. ಒಳಗೆ ಒಸ್ವಾಲ್ದೊ ಮಾಡುತ್ತಿದ್ದದ್ದು ಎರಡು ಕೆಲಸ: ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು, ಲೈಟು ಹಿಡಿಯುವುದು. ಗ್ರೀಸು ಬಂದದ್ದು ಅಲ್ಲಿಂದ.

ಎರಡು ವರ್ಷದ ಕೆಲಸ ಮುಗಿದು ಕಾರು ಮೊದಲ ಸಲ ‘ಬ್ರಪ್ ಬ್ರಪ್ ಬ್ರಪ್’ ಎಂದು ಬೀದಿಗಿಳಿದ ದಿನ, ನಾವೆಲ್ಲ ಸೇರಿ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡೆವು. ಅವನು ಬೇಡವೆನ್ನಲಿಲ್ಲ. ನೆರೇಯ್ದಾ ಒಳಗೆ ಕೈ ತೊಳೆಯುತ್ತಿದ್ದಳು, ಅವಳಿಗೆ ಇದು ಕಾಣಲೇ ಇಲ್ಲ.

ಸಿಕ್ಕಿಬಿದ್ದದ್ದು ಬ್ರೆಡ್ಡಿನಿಂದ. ಕಾರು ಬೀದಿಗಿಳಿದ ಎಂಟು ತಿಂಗಳಿಗೆ, ಒಂದು ಶನಿವಾರ ನೆರೇಯ್ದಾ ಬೇಕರಿಗೆ ಹೋದಾಗ ಅಲ್ಲಿಯ ಯಜಮಾನಿ ಅವಳ ಕೈ ಹಿಡಿದುಕೊಂಡಳಂತೆ.

‘ನಿನ್ನ ಗಂಡಂದು ಚಿನ್ನದಂಥ ಕೈ ಕಣಮ್ಮ! ಆ ಕೂದಲಿನಂಥ ಸ್ಪ್ರಿಂಗೆಲ್ಲ ಒಬ್ನೇ ಕೂರಿಸ್ದನಂತೆ. ನೀನು ಪಾಪ ಲೈಟ್ ಹಿಡ್ಕೊಂಡಿರ್ತೀಯಂತೆ. ಆದ್ರೆ ಬೇಗ ತೂಕಡಿಸ್ಬಿಡ್ತೀಯಂತೆ?’

‘ಹೌದು,’ ಅಂದಳಂತೆ ನೆರೇಯ್ದಾ. ‘ತುಂಬ ನಿದ್ದೆ ನಂಗೆ.’

ಮನೆಗೆ ಬಂದವಳು ಗಂಡನಿಗೆ ಅನ್ನ, ತೊಗರಿಕಾಳು ಬಡಿಸಿದಳು. ಅವನು ಎರಡನೇ ಸಲ ಹಾಕಿಸಿಕೊಂಡು ಬಾಯಿಗಿಡುವ ಹೊತ್ತಿಗೆ, ‘ನಾನು ತೂಕಡಿಸ್ತೀನಂತೆ,’ ಎಂದಳು. ತೊಗರಿಕಾಳು ಅವನ ಮೂಗಿನವರೆಗೂ ಹೋಯಿತು. ಇದನ್ನು ಆಮೇಲೆ ಅವನೇ ನನಗೆ ಹೇಳಿದ. ಅವಳು ಬೈಯಲಿಲ್ಲವಂತೆ, ಅಳಲಿಲ್ಲವಂತೆ. ‘ಬೈದಿದ್ರೆ ಹೊಟ್ಟೆ ತುಂಬ ಊಟ ಮಾಡ್ತಿದ್ದೆ, ಎಫ್ರಾಯಿನ್,’ ಅಂದ ನನ್ನ ಹತ್ತಿರ.

ಮಾರನೇ ದಿನ ಭಾನುವಾರ. ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಊರಿನ ರೋಟರಿ ಕಾರುಗಳೆಲ್ಲ ಸಾಲಾಗಿ ಸಮುದ್ರ ತೀರಕ್ಕೆ ಹೋಗುವುದೆಂದು ನಿಗದಿಯಾಗಿತ್ತು. ಮುಂದೆ ಹೋಗಬೇಕಾದದ್ದು ದೋನ್ ಮೊನ್ಸೆರಾತೆಯವರ ಹಳದಿ ಕಾರು. ಎಪ್ಪತ್ತು ದಾಟಿದ, ಊರೆಲ್ಲ ಗೌರವದಿಂದ ‘ದೋನ್’ ಎಂದು ಕರೆಯುವ ಈ ಹಿರಿಯರು ನಮ್ಮ ಡಾಮಿನೊ ಮೇಜಿನ ಯಜಮಾನರೂ ಹೌದು. ಬೆಳಗ್ಗೆ ಅವರ ಕಾರು ಮೊಂಡು ಹಿಡಿದು ಕೂತಿತು. ನಾನು ಅವರ ಮನೆಯಲ್ಲೇ ಇದ್ದೆ. ಫೋನು ಹಚ್ಚಿಕೊಟ್ಟವನೂ ನಾನೇ.

‘ಮೇಷ್ಟ್ರೇ, ಬೇಗ ಬಾರಪ್ಪ! ಇಪ್ಪತ್ತು ಕಾರು ಕಾಯ್ತಾ ನಿಂತಿವೆ,’ ಎಂದು ಅವರು ಕೂಗಿದರು.

ಆ ಕಡೆ ಒಸ್ವಾಲ್ದೊ ಹೆಂಡತಿಯ ಕಾಲು ಹಿಡಿಯುವುದೊಂದು ಬಾಕಿಯಂತೆ. ‘ಚಿನ್ನ, ಇದೊಂದ್ಸಲ. ನೀನು ಹಿಂದೆ ನಿಂತು ಮೆಲ್ಲಗೆ ಹೇಳ್ಕೊಡು, ನಾನು ಮಾಡ್ತೀನಿ.’

‘ಅವ್ರು ಮೇಷ್ಟ್ರನ್ನ ಕರೆದಿದಾರೆ. ನಾನು ಲೈಟ್ ಹಿಡಿಯೋಕೆ ಬರ್ತೀನಿ. ಇರು, ನಿದ್ದೆ ಬರದ ಹಾಗೆ ಒಂದು ಕಾಫಿ ಕುಡಿದುಬಿಡ್ತೀನಿ.’

ಬಂದರು. ಹನ್ನೊಂದು ಗಂಟೆಯ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನೆರೇಯ್ದಾ ಆ ಬಿಸಿಲಲ್ಲಿ ಟಾರ್ಚು ಹೊತ್ತಿಸಿ, ಎರಡೂ ಕೈಯಲ್ಲಿ ಹಿಡಿದು, ಬಾನೆಟ್ಟಿನ ಪಕ್ಕ ಭಕ್ತಿಯಿಂದ ನಿಂತಳು. ಸುತ್ತ ನಾವು ಮೂವತ್ತು ಜನ. ಒಸ್ವಾಲ್ದೊ ಕತ್ತು ಬಗ್ಗಿಸಿ ಇಂಜಿನ್ನನ್ನು ಬಹಳ ಹೊತ್ತು ನೋಡಿದ.

‘ಏನನ್ಸುತ್ತೆ, ಮೇಷ್ಟ್ರೇ?’ ದೋನ್ ಮೊನ್ಸೆರಾತೆ ಕೇಳಿದರು.

‘ಇಂಜಿನ್ನು... ಇದೆ,’ ಅಂದ ಒಸ್ವಾಲ್ದೊ.

ಎಲ್ಲರೂ ತಲೆಯಾಡಿಸಿದೆವು. ದೊಡ್ಡವರು ಕಡಿಮೆ ಮಾತಾಡುತ್ತಾರೆ ಎಂದುಕೊಂಡೆವು.

ಆದರೂ ಅವನನ್ನು ಪೂರ್ತಿ ದಡ್ಡ ಎನ್ನುವ ಹಾಗಿಲ್ಲ. ನೆರೇಯ್ದಾಗೆ ಕೆಲಸ ಮಾಡುತ್ತಾ ಗೊಣಗುವ ಅಭ್ಯಾಸ. ಎರಡು ವರ್ಷದ ಗೊಣಗಾಟ ಅವನ ಕಿವಿಯಲ್ಲಿ ಉಳಿದಿತ್ತು. ನಾಲ್ಕು ವೈರು ಕಿತ್ತು, ನಾಲ್ಕು ಪ್ಲಗ್ಗು ಬಿಚ್ಚಿ, ಒಂದನ್ನು ಮೂಸಿದ. ಪೆಟ್ರೋಲಿನ ವಾಸನೆಗೆ ಕಣ್ಣಲ್ಲಿ ನೀರು ಬಂತು.

‘ದೋನ್ ಮೊನ್ಸೆರಾತೆ, ಬೆಳಗ್ಗೆ ತಣ್ಣಗಿದ್ದ ಗಾಡೀನ ಸ್ಟಾರ್ಟ್ ಮಾಡಿ, ಎರಡು ಮಾರು ಸರಿಸಿ, ಹಂಗೇ ಆಫ್ ಮಾಡಿದ್ರಾ?’

‘ಹೂಂ ಕಣಯ್ಯ. ನಮ್ಮ ಮನೆಯೋಳು ನೆಲ ಗುಡಿಸ್ಬೇಕು ಅಂದ್ಲು.’

‘ಅದೇ! ಪೆಟ್ರೋಲ್ ಕುಡ್ದು ಹೊಟ್ಟೆ ಕೆಡಿಸ್ಕೊಂಡಿದೆ.’

ಜನ ‘ಆಹಾ’ ಎಂದಿತು. ನೆರೇಯ್ದಾಳ ಹುಬ್ಬು ಮೇಲೇರಿತು. ಅವಳು ಇಷ್ಟನ್ನು ನಿರೀಕ್ಷಿಸಿರಲಿಲ್ಲ. ಒಸ್ವಾಲ್ದೊಗೆ ಅಲ್ಲಿಗೇ ನಿಲ್ಲಿಸಬೇಕೆಂದು ತಿಳಿಯಬೇಕಿತ್ತು.

‘ಈಗ ಉಸಿರು ಕೇಳೋಣ. ಎಲ್ರೂ ಸುಮ್ನಿರಿ,’ ಎಂದು ಅಪ್ಪಣೆ ಮಾಡಿದ. ನಾನು ಒಳಗೆ ಕೂತು ಬೀಗದ ಕೈ ತಿರುಗಿಸಿದೆ. ಪ್ಲಗ್ಗಿನ ತೂತುಗಳಿಂದ ಗಾಳಿ ಹೊರಗೆ ಬಂತು, ಫುಸ್... ಫುಸ್... ಫುಸ್... ನಿದ್ದೆಯಲ್ಲಿರುವ ಬೆಕ್ಕಿನ ಹಾಗೆ.

‘ಎಷ್ಟು ಮೃದುವಾಗಿ ಉಸಿರಾಡ್ತಿದೆ ನೋಡಿ,’ ಅಂದ ಒಸ್ವಾಲ್ದೊ ಕಣ್ಣು ಮುಚ್ಚಿ. ‘ಒಳ್ಳೇ ಇಂಜಿನ್ನು.’

ನೆರೇಯ್ದಾ ಕೆಮ್ಮಿದಳು. ಕೆಮ್ಮೋ ನಗುವೋ ನಮಗೆ ತಿಳಿಯಲಿಲ್ಲ. ‘ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ, ಲೈಟ್ ಹಿಡಿಯೋಳು ನಾನು,’ ಎಂದಳು. ‘ಮೃದುವಾಗಿದ್ರೆ ಅದು ಕಾಯಿಲೆ ಅಲ್ವಾ? ಪೆಟ್ರೋಲು ಎಣ್ಣೆಯನ್ನೆಲ್ಲ ತೊಳ್ಕೊಂಡು ಹೋಗಿದ್ರೆ ಪಟ್ಟಿ ಗಾಳಿ ಹಿಡಿಯಲ್ಲ ಅಂತ ಯಾರೋ ಹೇಳ್ತಿದ್ರು.’

‘ಅದನ್ನೇ ಹೇಳೋಕೆ ಬಂದೆ!’ ಎಂದ ಇವನು. ‘ಎಣ್ಣೆ ತನ್ನಿ!’

ಒಂದೊಂದು ತೂತಿಗೂ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ತಿರುಗಿಸಿದಾಗ ಗಾಳಿ ಫಟ್ ಫಟ್ ಫಟ್ ಎಂದು ಹೊಡೆಯಿತು. ಚಪ್ಪಾಳೆ ಬಿತ್ತು. ಚಪ್ಪಾಳೆ ಕೇಳಿದರೆ ಒಸ್ವಾಲ್ದೊಗೆ ತಲೆ ನಿಲ್ಲುವುದಿಲ್ಲ. ಜನರ ಕಡೆ ಮುಖ ಮಾಡಿ ಮಾತಾಡುತ್ತಲೇ, ಹಿಂದೆ ನೋಡದೆ, ನಾಲ್ಕು ಪ್ಲಗ್ಗು ಹಾಕಿ ನಾಲ್ಕು ವೈರು ಸಿಕ್ಕಿಸಿದ. ಮುಂದಿನ ಗೂಡಿನ ವೈರು ಹಿಂದಿನದಕ್ಕೆ, ಹಿಂದಿನದು ಮುಂದಿನದಕ್ಕೆ. ನೆರೇಯ್ದಾ ನೋಡಿದಳು. ಟಾರ್ಚಿನ ಬೆಳಕನ್ನು ಸರಿಯಾಗಿ ಆ ವೈರುಗಳ ಮೇಲೆ ಬಿಟ್ಟಳು. ಅವನು ಗಮನಿಸಲಿಲ್ಲ.

‘ಎಫ್ರಾಯಿನ್, ತಿರುಗ್ಸು!’

ನಾನು ತಿರುಗಿಸಿದೆ. ಢಮ್! ಫಿರಂಗಿ ಹಾರಿದ ಹಾಗಾಯಿತು. ಸೈಲೆನ್ಸರಿನಿಂದ ಬಂದ ಕರಿ ಮಸಿ ದೋನ್ ಮೊನ್ಸೆರಾತೆಯವರ ಹೆಂಡತಿ ಗುಡಿಸಿಟ್ಟ ನೆಲದ ಮೇಲೆಲ್ಲ ಹರಡಿತು. ಪಕ್ಕದ ಮನೆಯ ಕೋಳಿಗಳು ಬೇಲಿ ಹಾರಿ ನಮ್ಮ ಕಾಲಡಿ ಓಡಾಡಿದವು. ದೋನ್ ಮೊನ್ಸೆರಾತೆ ಗಾಬರಿಯಲ್ಲಿ ಬಾಯಿ ಬಿಟ್ಟಾಗ ಅವರ ಕೆಳಗಿನ ಕಟ್ಟುಹಲ್ಲಿನ ಸೆಟ್ಟು ಅಂಗೈಗೆ ಬಂತು.

ಒಸ್ವಾಲ್ದೊ ಹೆಂಡತಿಯ ಕಡೆ ನೋಡಿದ. ಅವಳು ಟಾರ್ಚು ಹಾಗೇ ಹಿಡಿದು ನಿಂತಿದ್ದಳು.

‘ನನ್ನ ಕೈಲಾಗಲ್ಲ,’ ಅಂದ ಒಸ್ವಾಲ್ದೊ. ದನಿ ಸಣ್ಣದಾಗಿತ್ತು. ‘ಆ ಕಾರನ್ನ ಕಟ್ಟಿದೋಳು ಇವ್ಳು. ಒಂದೊಂದು ಪಟ್ಟೀನೂ ಇವ್ಳೇ ಕೂರಿಸಿದ್ದು. ನಾನು ಬರೀ ಲೈಟ್ ಹಿಡ್ದೆ. ತೂಕಡಿಸಿದ್ದೂ ನಾನೇ.’

ದೋನ್ ಮೊನ್ಸೆರಾತೆ ಕೈಯಲ್ಲಿದ್ದ ಹಲ್ಲಿನ ಸೆಟ್ಟನ್ನು ನೋಡಿದರು, ನೆರೇಯ್ದಾಳನ್ನು ನೋಡಿದರು, ಸೆಟ್ಟನ್ನು ಬಾಯಿಗೆ ಹಾಕಿಕೊಂಡು ಎರಡು ಸಲ ಕಟಕಟ ಎನಿಸಿದರು.

‘ಆರು ವರ್ಷದಿಂದ ನಿನ್ನ ಕೈಕೆಲಸದಲ್ಲೇ ಅಗೀತಿದೀನಲ್ಲಮ್ಮ,’ ಎಂದರು. ‘ನಂಗೆ ಹೊಳೀಬೇಕಿತ್ತು. ಅದು ಸರಿ, ವೈರು ತಪ್ಪು ಹಾಕ್ತಿದಾನೆ ಅಂತ ಗೊತ್ತಿದ್ದೂ ಯಾಕಮ್ಮ ಸುಮ್ನಿದ್ದೆ?’

‘ಎಲ್ಲೀವರೆಗೂ ಹೋಗ್ತಾನೆ ನೋಡೋಣ ಅಂತ. ಕ್ಷಮಿಸಿ, ನೆಲ ನಾನು ಗುಡಿಸಿಕೊಡ್ತೀನಿ.’

‘ನೆಲ ಅವ್ನು ಗುಡಿಸ್ಲಿ. ನೀನು ವೈರು ಹಾಕು, ಮೇಷ್ಟ್ರಮ್ಮ.’

ಟಾರ್ಚನ್ನು ಗಂಡನ ಕೈಗೆ ಕೊಟ್ಟು ಅವಳು ಬಗ್ಗಿದಳು. ಒಂದು ನಿಮಿಷ ಹಿಡಿಯಲಿಲ್ಲ. ಹಳದಿ ಕಾರು ಬಿಳಿ ಹೊಗೆ ಕಾರಿ, ಎರಡು ಸಲ ಎಡವಿ, ಆಮೇಲೆ ಬ್ರಪ್ ಬ್ರಪ್ ಬ್ರಪ್ ಎಂದು ಹಾಡತೊಡಗಿತು. ಮೂವತ್ತು ಜನ ಕುಣಿದೆವು. ಒಸ್ವಾಲ್ದೊ ಪೊರಕೆ ಹಿಡಿದೇ ಕುಣಿದ.

ಸಮುದ್ರಕ್ಕೆ ಹೊರಟಾಗ ನೆರೇಯ್ದಾ ತನ್ನ ಕಾರನ್ನು ತಾನೇ ಓಡಿಸಿದಳು. ಪಕ್ಕದ ಸೀಟಿನಲ್ಲಿ ದೋನ್ ಮೊನ್ಸೆರಾತೆಯವರ ಹೆಂಡತಿ ಕೂತರು, ಒಸ್ವಾಲ್ದೊಗೆ ಜಾಗವಿರಲಿಲ್ಲ. ಅವನು ಹಳದಿ ಕಾರಿನಲ್ಲಿ ಹಿರಿಯರ ಪಕ್ಕ ಕೂತು, ರೋಟರಿ ಎಂದರೇನು ಎಂಬ ಪಾಠವನ್ನು ಮೊದಲಿನಿಂದ ಕೇಳುತ್ತಾ ಬಂದ. ಹಿಂದಿನ ಸೀಟಿನಲ್ಲಿದ್ದ ನನಗೆ ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಬೇಸರ ಇತ್ತೋ ಏನೋ, ಆದರೆ ಅವನು ಹುಡುಕಿ ಹುಡುಕಿ ಪ್ರಶ್ನೆ ಕೇಳುತ್ತಿದ್ದ.

ತೀರದಲ್ಲಿ ಮಾಂಸ ತುಂಬಿ ಕರಿದ ಅಲ್ಕಾಪೂರಿಯಾ ತಿನ್ನುತ್ತಾ ಗಂಡ ಹೆಂಡತಿ ಇಬ್ಬರೂ ಸ್ವಲ್ಪ ದೂರ ಕೂತಿದ್ದರು. ನಾನು ಸಾಸು ಕೇಳಲು ಹೋದಾಗ ಅರ್ಧ ಮಾತು ಕಿವಿಗೆ ಬಿತ್ತು.

‘ಯಾಕೋ ಊರಿಗೆಲ್ಲ ಹಂಗೆ ಸುಳ್ಳು ಹೇಳ್ದೆ?’ ಎನ್ನುತ್ತಿದ್ದಳು ನೆರೇಯ್ದಾ.

‘ಅದು ನಿಂದು ಅಂದ್ರೆ, ಮತ್ತೆ ನೀನೇನ್ ಮಾಡ್ತೀಯ ಅಂತ ಕೇಳ್ತಾರಲ್ಲ. ನಾನೇನ್ ಮಾಡ್ತೀನಿ?’

ಅವಳು ಬೆರಳು ನೆಕ್ಕಿಕೊಂಡು ಯೋಚಿಸಿದಳು. ‘ಲೈಟ್ ಹಿಡೀತೀಯ. ಕೆಟ್ಟದಾಗಿ ಹಿಡೀತೀಯ. ಆದ್ರೆ ಎರಡು ವರ್ಷ ಒಂದು ದಿನಾನೂ ತಪ್ಪಿಸ್ಲಿಲ್ಲ.’ ಆಮೇಲೆ ನನ್ನನ್ನು ನೋಡಿ, ‘ಸಾಸು ಬೇಕಾ, ಎಫ್ರಾಯಿನ್, ಇಲ್ಲಾ ಕತೆ ಬೇಕಾ?’ ಎಂದಳು. ನಾನು ಸಾಸು ತೆಗೆದುಕೊಂಡು ಬಂದೆ.

ಆ ವಾರವೇ ಅವಳು ಗುಜರಿಯಿಂದ ಒಂದು ಹಾಳು ಇಂಜಿನ್ ತರಿಸಿ ಗಂಡನ ಮುಂದಿಟ್ಟಳು. ಕಟ್ಟುವುದೆಲ್ಲ ಅವನೇ, ಅವಳು ಲೈಟು ಹಿಡಿಯುವುದು. ಈ ಸಲ ಬಾಗಿಲು ತೆರೆದೇ ಇತ್ತು, ನಾವೆಲ್ಲ ಹೋಗಿ ನೋಡುತ್ತಿದ್ದೆವು. ಅವನು ಸ್ಪ್ರಿಂಗು ಕೂರಿಸಲು ಹೋದಾಗ ಅದು ಚಿಮ್ಮಿ ಎಲ್ಲೋ ಹಾರುತ್ತಿತ್ತು. ನಾವು ಐದಾರು ಜನ ನೆಲದ ಮೇಲೆ ಅಂಬೆಗಾಲಿಟ್ಟು ಹುಡುಕುತ್ತಿದ್ದೆವು. ಅವಳು ಆಕಳಿಸುತ್ತಿದ್ದಳು, ಬೇಕೆಂದೇ.

ನವೆಂಬರಿನಲ್ಲಿ ಆ ಇಂಜಿನ್ ಸ್ಟಾರ್ಟ್ ಆಯಿತು. ಸರಿಯಾಗಿ ಹನ್ನೊಂದು ನಿಮಿಷ ಓಡಿ, ಪಕ್ಕದಿಂದ ನೀರು ಸುರಿಸಿ ನಿಂತುಹೋಯಿತು. ನಾನೇ ಗಡಿಯಾರ ನೋಡಿದ್ದೆ. ಒಸ್ವಾಲ್ದೊ ಅಲ್ಲೇ ನೆಲದ ಮೇಲೆ ಕೂತು ಅತ್ತ. ಆಮೇಲೆ ಎದ್ದು ಬೀದಿಯಲ್ಲಿ ಕಂಡವರಿಗೆಲ್ಲ, ‘ಹನ್ನೊಂದು ನಿಮಿಷ! ನಾನೇ ಕಟ್ಟಿದ್ದು! ಬೇಕಾದ್ರೆ ಅವ್ಳನ್ನೇ ಕೇಳಿ!’ ಎಂದು ಕೂಗಿ ಹೇಳಿದ. ಕೇಳಿದವರಿಗೆ ನೆರೇಯ್ದಾ ಹೌದು ಎಂದಳು.

ಮೊನ್ನೆ ಡಾಮಿನೊ ಮೇಜಿನಲ್ಲಿ ಆ ಹನ್ನೊಂದು ನಿಮಿಷ ಅವನ ಬಾಯಲ್ಲಿ ಹದಿನೈದಾಗಿತ್ತು. ನಾವು ಯಾರೂ ತಿದ್ದಲಿಲ್ಲ.