ಕೆಟ್ಟ ಸೊಸೆಯ ಕುರ್ಚಿ

ಟೈಲರಕ್ಕನಿಗೆ ಆ ಸಂಜೆ ಬೇಕಾಗಿದ್ದದ್ದು ಒಂದೇ: ಜನ ತನ್ನನ್ನು ಬಾಯಿ ತುಂಬ ಬೈಯಬೇಕು.

ಬೈಸಿಕೊಳ್ಳುವುದು ಅವಳ ಪಾಲಿಗೆ ಸುಲಭವಿರಲಿಲ್ಲ. ಲಾಂಡ್ರಿಯ ಮೇಲ್ಮಹಡಿಯ ಹಾಲಿನಲ್ಲಿ ಸೇರುವ ಆ ನಾಟಕದ ಗುಂಪಿನಲ್ಲಿ ಬಂದವರಿಗೆಲ್ಲ ಪಾತ್ರ ಉಂಟು. ಕಣ್ಣು ಕಾಣದವರು, ಕಿವಿ ಕೇಳದವರು, ಎಲ್ಲ ನೆಟ್ಟಗಿದ್ದೂ ಎರಡು ಮಾತು ನೆನಪಿಡಲಾರದವರು, ಯಾರನ್ನೂ ವಾಪಸು ಕಳಿಸಿದ್ದಿಲ್ಲ. ಆದರೆ ಗಾಲಿಕುರ್ಚಿಯಲ್ಲಿ ಕೂತವಳೆಂದು ಟೈಲರಕ್ಕನಿಗೆ ಮಾತ್ರ ಪ್ರತಿ ಸಲವೂ ಒಳ್ಳೆಯವಳ ಪಾತ್ರವೇ ಗಂಟು ಬೀಳುತ್ತಿತ್ತು. ಒಮ್ಮೆ ದೇವತೆ, ಒಮ್ಮೆ ತ್ಯಾಗಮಯಿ ತಾಯಿ, ಹೋದ ವರ್ಷವಂತೂ ಬರೀ ಚಂದ್ರ. ನಾಟಕ ಮುಗಿದ ಮೇಲೆ ಹೆಂಗಸರು ಬಂದು ಕೆನ್ನೆ ಸವರಿ, ಪಾಪ, ಎಷ್ಟು ಚೆನ್ನಾಗಿ ಮಾಡಿದೆ ಅನ್ನುತ್ತಿದ್ದರು. ಅಂಗಡಿಯಲ್ಲೂ ಅದೇ ಕಥೆ. ಅಂಗಿಯ ಒಂದು ತೋಳು ಗಿಡ್ಡವಾಗಿ ಹೊಲಿದರೂ ಯಾರೊಬ್ಬರೂ ಜಗಳಕ್ಕೆ ಬರುತ್ತಿರಲಿಲ್ಲ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಸಲ ಹಟ ಹಿಡಿದಳು. ಮಾವನ ಹಾಲಿಗೆ ವಿಷ ಬೆರೆಸಿ ಮನೆಯ ಬೀಗದ ಕೈ ಹೊಡೆಯುವ ಸೊಸೆಯ ಪಾತ್ರ ಕೊಟ್ಟರೆ ಸರಿ, ಇಲ್ಲದಿದ್ದರೆ ಒಬ್ಬರ ವೇಷವನ್ನೂ ಹೊಲಿಯುವುದಿಲ್ಲ ಎಂದಳು. ನಾಟಕ ಆಡಿಸುತ್ತಿದ್ದವರು ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಅವರು ಬೋಳುತಲೆ ಕೆರೆದುಕೊಂಡು ಒಂದು ಕರಾರು ಹಾಕಿದರು.

"ಆಯ್ತಮ್ಮ, ಮಾಡು. ಆದ್ರೆ ಪರದೆ ಬೀಳೋವಾಗ ಜನ ನಿನ್ನ ನೋಡಿ 'ಪಾಪ' ಅಂತ ಕಣ್ಣೊರೆಸ್ಕೊಂಡ್ರೋ, ಮುಂದಿನ ಸಲ ನೀನು ಮತ್ತೆ ಚಂದ್ರ."

ಮಾವನ ಪಾತ್ರ ಆಸ್ಪತ್ರೆಯ ಫೋನ್ ಆಪರೇಟರನದು. ಹುಟ್ಟುಗುರುಡ. ಒಮ್ಮೆ ಭಾಷಣದ ಅಬ್ಬರದಲ್ಲಿ ಮುಂದೆ ಮುಂದೆ ನಡೆದು ಮೊದಲ ಸಾಲಿನವರ ತೊಡೆಯ ಮೇಲೆ ಬಿದ್ದಿದ್ದ. ಅದಾದ ಮೇಲೆ ಗುಂಪಿನ ಬಡಗಿ, ಕಿವಿ ಕೇಳದವನು, ವೇದಿಕೆಯ ಹಲಗೆಗಳನ್ನು ಬಿಚ್ಚಿ ಮುಂದಕ್ಕೆ ಚೂರು ಇಳಿಜಾರಾಗಿ ಕೂರಿಸಿದ. ಕಾಲಿಗೆ ಇಳಿಜಾರು ಹತ್ತಿದರೆ ಅತ್ತ ಜನ ಎಂದು ಆಪರೇಟರನಿಗೆ ಗೊತ್ತಾಗುತ್ತಿತ್ತು. ಟೈಲರಕ್ಕ ತನ್ನ ಜಾಗದಲ್ಲಿ ಕುರ್ಚಿ ನಿಲ್ಲಿಸಿ ಬ್ರೇಕ್ ಹಾಕಿಕೊಂಡರೆ ಅವಳಿಗೂ ತೊಂದರೆಯಿರಲಿಲ್ಲ.

ತೊಂದರೆ ಕೊಡುತ್ತಿದ್ದವನು ಇನ್ಸ್‌ಪೆಕ್ಟರ್. ಕೆಳಗಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ನಲವತ್ತರ ಆಳು. ಓದು ಬರಹ ತಲೆಗೆ ಹತ್ತಿರಲಿಲ್ಲ, ನ್ಯಾಯ ಮಾತ್ರ ಚೆನ್ನಾಗಿ ಹತ್ತಿತ್ತು. ಪೊಲೀಸ್ ಪಾತ್ರ ಸಿಕ್ಕ ದಿನದಿಂದ ಬೇರೆ ಹೆಸರಿಗೆ ಓಗೊಡುವುದನ್ನೇ ನಿಲ್ಲಿಸಿದ್ದ. ಕೊನೆಯ ದೃಶ್ಯದಲ್ಲಿ ಬರಬೇಕಾದವನು ಪ್ರತಿ ತಾಲೀಮಿನಲ್ಲೂ ಮೊದಲ ದೃಶ್ಯಕ್ಕೇ ನುಗ್ಗಿ ಸೊಸೆಗೆ ಬೇಡಿ ಹಾಕುತ್ತಿದ್ದ. ಅವಳೇ ಕಳ್ಳಿ ಅಂತ ಎಲ್ಲರಿಗೂ ಗೊತ್ತಿದೆಯಲ್ಲ, ಸುಮ್ಮನೆ ಯಾಕೆ ಕಾಯಬೇಕು ಎಂದು ಮೇಷ್ಟ್ರನ್ನೇ ಕೇಳುತ್ತಿದ್ದ. ಹಾಗಾಗಿ ಹೊತ್ತು ಬರುವವರೆಗೆ ಅವನ ಕಾಲರ್ ಹಿಡಿದು ನಿಲ್ಲುವ ಕೆಲಸ ಬಡಗಿಗೆ ಬಿತ್ತು.

ನಾಟಕದ ದಿನ ಟೈಲರಕ್ಕ ಎಂದಿನಂತೆ ಲಾಂಡ್ರಿಯ ಬಟ್ಟೆ ಗಂಟು ಏರಿಸುವ ಲಿಫ್ಟಿನಲ್ಲಿ, ಹೋಟೆಲಿನ ಟವೆಲ್‌ಗಳ ನಡುವೆ, ಮೇಲೆ ಬಂದಳು. ಕುರ್ಚಿ ಫಳಫಳ ಹೊಳೆಯುತ್ತಿತ್ತು. ಅದು ಚಿಕ್ಕಮ್ಮನ ಕೈವಾಡ. ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮನಿಗೆ ಹೊಲಿಗೆ ಮಿಷನ್ನಿನ ಎಣ್ಣೆಯ ಮೇಲೆ ಭಾರಿ ನಂಬಿಕೆ. ಬಾಗಿಲು ಕಿರುಗುಟ್ಟಿದರೂ ಅದೇ, ಕತ್ತರಿ ಜಡ್ಡಾದರೂ ಅದೇ. ಹುಡುಗಿ ವೇದಿಕೆ ಏರುವ ದಿನ ಕುರ್ಚಿ ಸದ್ದು ಮಾಡಬಾರದೆಂದು ಗಾಲಿ, ಹಿಡಿಕೆ, ಬ್ರೇಕು, ಯಾವುದನ್ನೂ ಬಿಡದೆ ಎಣ್ಣೆ ಕುಡಿಸಿದ್ದಳು.

ಹಾಲಿನ ತುಂಬ ಜನ. ಚಿಕ್ಕಮ್ಮ ಮೊದಲ ಸಾಲಿನಲ್ಲಿ, ಆಗಲೇ ಕರವಸ್ತ್ರ ಬಿಚ್ಚಿಕೊಂಡು ಸಿದ್ಧ. ಮೇಷ್ಟ್ರು ಸೀಟಿ ಊದಿದರು. ಟೈಲರಕ್ಕ ಮಾವನ ಹಾಲಿನ ಲೋಟಕ್ಕೆ ವಿಷ ಸುರಿದು, ಜನರತ್ತ ತಿರುಗಿ, ಬ್ರೇಕ್ ಎಳೆದು, "ಈ ಮುದುಕ ಸಾಯೋವರೆಗೂ ನಾನ್ಯಾಕೆ ಕಾಯ್ಲಿ?" ಎಂದಳು. ಎಂದು ಮುಗಿಸುವಷ್ಟರಲ್ಲಿ ಕುರ್ಚಿ ಹೊರಟಿತು.

ಬ್ರೇಕ್ ಬೆಣ್ಣೆಯಂತೆ ಜಾರುತ್ತಿತ್ತು. ಕಬ್ಬಿಣದ ಕಡ್ಡಿಯಂತೆ ಸೆಟೆದು ಕೂತ ಸೊಸೆ ಕೈಯಲ್ಲಿ ವಿಷದ ಲೋಟ ಹಿಡಿದುಕೊಂಡು, ಸದ್ದಿಲ್ಲದೆ, ನೇರ ಚಿಕ್ಕಮ್ಮನತ್ತ ಇಳಿಯತೊಡಗಿದಳು.

"ಅಯ್ಯೋ ಪಾಪ, ಯಾರಾದ್ರೂ ಹಿಡೀರಪ್ಪಾ," ಎಂದು ಚಿಕ್ಕಮ್ಮ ಎದ್ದು ನಿಂತಳು. ಹಿಂದಿನ ಸಾಲುಗಳಿಂದಲೂ ಪಾಪ, ಪಾಪ ಎಂದು ಲೊಚಗುಟ್ಟುವುದು ಕೇಳಿತು. ಟೈಲರಕ್ಕನ ಕಣ್ಣ ಮುಂದೆ ಚಂದ್ರ ಮೂಡಿದ.

ಗಾಲಿ ಹಲಗೆಯ ಸಂದು ದಾಟಿದ್ದನ್ನು ಆಪರೇಟರನ ಕಿವಿ ಹಿಡಿಯಿತು. ಮಾವನಾಗಿ ಮಲಗಿದ್ದ ಮಂಚದಿಂದ ಎದ್ದು ತನ್ನ ಕೋಲು ಚಾಚಿದ. ಅವಳು ಹಿಡಿದಳು. ವೇದಿಕೆಯ ಅಂಚಿನಲ್ಲಿ ಕುರ್ಚಿ ನಿಂತಿತು. ಜನರೆಲ್ಲ ನಿಟ್ಟುಸಿರು ಬಿಟ್ಟು ಚಪ್ಪಾಳೆ ತಟ್ಟಿದರು. ಎಂಥ ಮಾವ, ಎಂಥ ಸೊಸೆ ಎಂಬ ಚಪ್ಪಾಳೆ. ಅದನ್ನು ಕೇಳಿ ಟೈಲರಕ್ಕನ ಪಿತ್ತ ನೆತ್ತಿಗೇರಿತು. ಅವಳು ಕೋಲನ್ನು ಅವನ ಕೈಯಿಂದ ಸರಕ್ಕನೆ ಕಿತ್ತು, ಗಾಲಿಯ ಕಡ್ಡಿಗಳ ನಡುವೆ ತೂರಿಸಿ, ಅವನ ಸೊಂಟದ ಬೀಗದ ಕೈ ಗೊಂಚಲನ್ನೂ ಕಿತ್ತುಕೊಂಡಳು.

"ಕೋಲು ನನಗಿರ್ಲಿ ಮಾವ. ನೀವು ತಡಕಾಡ್ಕೊಂಡು ಹೋಗಿ."

ಇದು ಯಾವ ತಾಲೀಮಿನಲ್ಲೂ ಇರಲಿಲ್ಲ. ಆ ವೇದಿಕೆಯ ಒಂದೊಂದು ಮೊಳೆಯೂ ಗೊತ್ತಿದ್ದ ಆಪರೇಟರ್ ಒಂದು ಕ್ಷಣ ತುಟಿ ಕಚ್ಚಿ ನಗು ನುಂಗಿದ. ಆಮೇಲೆ ಎರಡೂ ಕೈ ಗಾಳಿಯಲ್ಲಿ ಆಡಿಸುತ್ತ, ಮೊಣಕಾಲು ನಡುಗಿಸುತ್ತ, ಬೇಕೆಂತಲೇ ಗೋಡೆಗೆ ಡಿಕ್ಕಿ ಹೊಡೆದು, "ಎಲ್ಲಿದ್ದೀಯ ಮಗಳೇ?" ಎಂದು ಅಳುದನಿ ತೆಗೆದ.

ಚಿಕ್ಕಮ್ಮನ ಕರವಸ್ತ್ರ ಕೆಳಗಿಳಿಯಿತು.

"ಥೂ, ನಾಚಿಕೆ ಆಗಲ್ವೇನೇ ನಿಂಗೆ? ಕಣ್ಣು ಕಾಣದೋನ ಕೋಲು ಕಿತ್ಕೋತೀಯ? ಕೊಡೇ ಅದನ್ನ," ಎಂದು ಅವಳೇ ಕೂಗಿದಳು.

ಅಷ್ಟೇ ಸಾಕಿತ್ತು. ಹಿಂದಿನಿಂದ ಯಾರೋ ಕಳ್ಳಿ ಎಂದರು, ಮತ್ತೊಬ್ಬರು ರಾಕ್ಷಸಿ ಎಂದರು, ಒಂದು ಚಪ್ಪಲಿ ವೇದಿಕೆಗೆ ಬಂದು ಬಿತ್ತು. ಟೈಲರಕ್ಕ ಬೀಗದ ಕೈ ಝಣಝಣಿಸಿ ಹಲ್ಲು ಕಿರಿದಳು. ಪಕ್ಕದಲ್ಲಿ ನಿಂತು ಎಲ್ಲ ನೋಡುತ್ತಿದ್ದ ಬಡಗಿಗೂ ಸಿಟ್ಟು ತಡೆಯಲಾಗಲಿಲ್ಲ, ಕಾಲರ್ ಬಿಟ್ಟುಬಿಟ್ಟ. ಇನ್ಸ್‌ಪೆಕ್ಟರ್ ಬಾಣದಂತೆ ನುಗ್ಗಿ ಬೇಡಿ ಹಾಕಿದ. ಜನ ಎದ್ದು ನಿಂತು ಸಿಳ್ಳೆ ಹೊಡೆದರು. ಆ ವಿಷದ ಹಾಲು ಕುಡಿಯಲು ಮಾವನಿಗೆ ಪುರಸೊತ್ತೇ ಸಿಗಲಿಲ್ಲ. ನಾಲ್ಕು ದೃಶ್ಯದ ನಾಟಕ ಒಂದೇ ದೃಶ್ಯಕ್ಕೆ ಮುಗಿಯಿತು, ಮೇಷ್ಟ್ರು ತಲೆ ಮೇಲೆ ಕೈ ಹೊತ್ತುಕೊಂಡೇ ಪರದೆ ಎಳೆಸಿದರು.

ಆಮೇಲೆ ಹೆಂಗಸರೆಲ್ಲ ಬಂದು ಕೆನ್ನೆ ಸವರಿದ್ದು ಆಪರೇಟರನದು. ಪಾಪ, ಎಷ್ಟು ಚೆನ್ನಾಗಿ ಮಾಡಿದೆ ಅಂದರು. ಅವನು ಮುಖ ಗಂಟಿಕ್ಕಿಕೊಂಡು ಮೇಷ್ಟ್ರ ಬಳಿ ಹೋಗಿ, ಮುಂದಿನ ಸಲ ಕೊಲೆಗಾರನ ಪಾತ್ರ ತನಗೇ ಎಂದು ಜಗಳ ತೆಗೆದ. ಟೈಲರಕ್ಕನ ಹತ್ತಿರ ಒಬ್ಬರೂ ಸುಳಿಯಲಿಲ್ಲ.

ಮನೆಯ ದಾರಿಯಲ್ಲಿ ಚಿಕ್ಕಮ್ಮ ತುಟಿ ಬಿಗಿದುಕೊಂಡು ಕುರ್ಚಿ ತಳ್ಳುತ್ತಿದ್ದಳು. ಬೀದಿ ಇಳಿಜಾರಾಗುವ ತಿರುವಿನಲ್ಲಿ ಹಿಂದಿನಿಂದ ಆಪರೇಟರನ ಕೂಗು ಕೇಳಿತು. ಆ ಗೊಂಚಲು ಅವನ ಮನೆಯದೇ, ಕೊಟ್ಟು ಹೋಗು ಎನ್ನುತ್ತಿದ್ದ. ಟೈಲರಕ್ಕ ಮಡಿಲು ತಡವಿದಳು. ಝಣ್ ಎಂದಿತು.

"ನಿಲ್ಲು ಚಿಕ್ಕಮ್ಮ. ಹುಷಾರು, ಬ್ರೇಕ್ ಹಿಡಿಯಲ್ಲ, ಕೈ ಬಿಟ್ಟುಗಿಟ್ಟೀಯ."

"ಬಿಟ್ಟೇ ಬಿಡೋಣ ಅನ್ನಿಸ್ತಾ ಇದೆ ಕಣೇ, ನಿನ್ನಂಥೋಳನ್ನ," ಎಂದಳು ಚಿಕ್ಕಮ್ಮ.

ಟೈಲರಕ್ಕ ನಕ್ಕ ನಗುವಿಗೆ ಬೀದಿಯ ಎರಡು ಕಿಟಕಿ ತೆರೆದವು.